ಐಡಾಳ ಹೆಸರಿನ ವರ್ಷ

"ಹಾಗಾದ್ರೆ ಈ ಒಂದು ವರ್ಷ ಗಾಡಿ ಓಡಿಸಿದ್ದು ಯಾರು?"

ಐಡಾ ಯಾರನ್ನೂ ಕೇಳಿರಲಿಲ್ಲ. ಗಲ್ಫಿನ ನಿಜ್ವಾ ಪಟ್ಟಣದ ಆ ಇನ್ಶೂರೆನ್ಸ್ ಆಫೀಸಿನಲ್ಲಿ ಏಸಿಯ ಸದ್ದೊಂದೇ ಇತ್ತು. ಅಂಗೈಯಲ್ಲಿದ್ದ ಕಾರಿನ ಕೀಲಿಯನ್ನು ನೋಡುತ್ತ, ತನ್ನಷ್ಟಕ್ಕೆ ಗಟ್ಟಿಯಾಗಿ ಅಂದುಬಿಟ್ಟಿದ್ದಳು.

ಉತ್ತರ ಮಾತ್ರ ಕೌಂಟರಿನ ಆಚೆಯಿಂದ ಬಂತು.

"ಓಡಿಸಿದ್ದು ನೀವೇ, ಸಿಸ್ಟರ್. ಹೆಸರು ಬಂದದ್ದು ನಿಮ್ಮ ಬಾವೋಜಿಗೆ."

ತಲೆಯೆತ್ತಿದಳು. ತೋಳು ಮಡಚಿದ ಬಿಳಿ ಅಂಗಿ, ಎದೆಯ ಮೇಲೆ ಕ್ಯಾಸ್ಮಿರ್ ಎಂಬ ಬ್ಯಾಡ್ಜು, ಉಡುಪಿ ಕಡೆಯ ಮಾತು. ಅವಳ ಸಂಕಟ ಅವನ ಮುಖಕ್ಕೂ ತಟ್ಟಿದಂತಿತ್ತು. ಅದಕ್ಕೇ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

ನಿಜ್ವಾ ಆಸ್ಪತ್ರೆಯ ನರ್ಸ್ ಐಡಾ ಹೋದ ವರ್ಷ, ತೊಂಬತ್ತೆರಡರಲ್ಲಿ, ಲೈಸೆನ್ಸ್ ಪಡೆದು ಸಂಬಳದ ಉಳಿತಾಯದಲ್ಲೇ ಒಂದು ಬಿಳಿ ಕೊರೊಲ್ಲಾ ಕೊಂಡಿದ್ದಳು. ಹೊಸ ಡ್ರೈವರಿಗೆ ಪ್ರೀಮಿಯಂ ವಿಪರೀತ. ಅಲ್ ಮಬೇಲಾದಲ್ಲಿದ್ದ ಅಕ್ಕ ಡಾಲಿಯ ಗಂಡ ಆಸ್ವಾಲ್ಡ್‌ಗೆ ಎಷ್ಟೋ ವರ್ಷಗಳಿಂದ ಕ್ಲೇಮ್ ಇಲ್ಲ. ಅದಕ್ಕಾಗಿ ಒಳ್ಳೆಯ ಡಿಸ್ಕೌಂಟ್ ಇತ್ತು. "ನನ್ನ ಹೆಸರಲ್ಲೇ ಮಾಡುವ, ದುಡ್ಡು ಉಳೀತದೆ" ಎಂದು ಆತ ಗಾಡಿಯ ನೋಂದಣಿ ಪತ್ರ ಮುಲ್ಕಿಯಾವನ್ನೂ ಇನ್ಶೂರೆನ್ಸನ್ನೂ ತನ್ನ ಹೆಸರಿಗೆ ಮಾಡಿಸಿದ್ದ. ಗಲ್ಫಿನಲ್ಲಿ ನಮ್ಮವರು ಬಹಳ ಮಂದಿ ಹೀಗೇ ಮಾಡುತ್ತಿದ್ದರು.

ವರ್ಷವಿಡೀ ಐಡಾ ಒಂದು ಗೀರೂ ಬೀಳದಂತೆ ಓಡಿಸಿದಳು. ಈಗ ಆಸ್ವಾಲ್ಡ್ ಪಜೆರೊ ಕೊಂಡು, ಡಿಸ್ಕೌಂಟನ್ನು ಅದಕ್ಕೆ ಹಾಕಿಸಿಕೊಂಡಿದ್ದ.

"ನನ್ನ ಗಾಡಿಗೆ ಏನೂ ಇಲ್ವಾ?"

"ಡಿಸ್ಕೌಂಟ್ ಗಾಡಿಗೆ ಸಿಗುವುದಲ್ಲ, ಹೆಸರಿಗೆ ಸಿಗುವುದು. ಕಂಪನಿಯ ಕಣ್ಣಲ್ಲಿ ನೀವು ನಿನ್ನೆ ಲೈಸೆನ್ಸ್ ತಗೊಂಡವರ ಹಾಗೆ." ಕ್ಯಾಸ್ಮಿರ್ ದನಿ ತಗ್ಗಿಸಿದ. "ಮತ್ತೊಂದುಂಟು. ದೊಡ್ಡ ಆಕ್ಸಿಡೆಂಟ್ ಏನಾದ್ರೂ ಆಗಿದ್ರೆ, ದಿನಾ ಓಡಿಸುವವರು ಯಾರು ಅಂತ ಕಂಪನಿ ಕೇಳ್ತಿತ್ತು. ಆಗ ಬಾವೋಜಿಯ ಹೆಸರು ನಿಮ್ಮನ್ನು ಕಾಪಾಡ್ತಿರಲಿಲ್ಲ."

"ಮುಲ್ಕಿಯಾ ಬದಲಿಸಿ ನನ್ನ ಹೆಸರಲ್ಲೇ ಶುರು ಮಾಡಿದ್ರೆ?"

"ಮೊದಲ ವರ್ಷ ಏರು. ಕ್ಲೇಮ್ ಇಲ್ಲದಿದ್ರೆ ವರ್ಷ ವರ್ಷ ಇಳೀತಾ ಬರ್ತದೆ. ಆ ಇಳಿಜಾರು ಮಾತ್ರ ನಿಮ್ಮದೇ."

ಕ್ರಿಸ್‌ಮಸ್‌ಗೆ ಊರಿಗೆ ಹೋಗಲೆಂದು ತೆಗೆದಿಟ್ಟಿದ್ದ ಟಿಕೆಟಿನ ದುಡ್ಡು ಐಡಾಳ ಕಣ್ಣ ಮುಂದೆ ಬಂತು. ಅದರ ಹಿಂದೆಯೇ ಅಮ್ಮನ ಮುಖವೂ.

"ಬರೆಯಿರಿ," ಎಂದಳು. "ಐಡಾ ಅಂತ ಬರೆಯಿರಿ."

ಸಂಜೆ ಫೋನಿನಲ್ಲಿ ಆಸ್ವಾಲ್ಡ್ ನಕ್ಕ. "ಹಟ ಎಂತಕ್ಕೆ ಮಾರಾಯ್ತಿ? ಒಂದು ವರ್ಷ ಕ್ಲೇಮ್ ಇಲ್ಲದೆ ಓಡಿಸ್ತೀಯಾ ನೀನು?"

"ಹೋದ ವರ್ಷ ನಿಮ್ಮ ಹೆಸರಿಗೆ ಓಡಿಸಿದ್ದು ಯಾರು ಬಾವೋಜಿ?"

"ಅದೆಲ್ಲ ಅದೃಷ್ಟ. ಕ್ಲೇಮ್ ಬಂದ ದಿನ ಕೀಲಿ ತಂದು ನನ್ನ ಕೈಗೆ ಕೊಡ್ಬೇಕು. ಆಮೇಲೆ ಶುಕ್ರವಾರ ಪೂಜೆಗೆ ನಾನೇ ಕರ್ಕೊಂಡು ಹೋಗ್ತೇನೆ, ನನಗೆ ಪುರುಸೊತ್ತಾದಾಗ."

ಆ ಪುರುಸೊತ್ತು ಎಂಥದೆಂದು ಐಡಾಗೆ ಗೊತ್ತಿತ್ತು. ಗಾಡಿಯಿಲ್ಲದ ಮೊದಲ ವರ್ಷಗಳಲ್ಲಿ, ವಾರದ ರಜೆಯ ಎಷ್ಟೋ ಶುಕ್ರವಾರ ಅವಳು ಸೀರೆಯುಟ್ಟು ಕಾದು, ದೂರದ ರುವಿಯ ಇಗರ್ಜಿಯಲ್ಲಿ ಪಾದ್ರಿಗಳ ಪೂಜೆ ಮುಗಿಯುವ ಹೊತ್ತಿಗೆ ಕ್ವಾರ್ಟರ್ಸಿನಲ್ಲೇ ಸೀರೆ ಮಡಚಿದ್ದಳು.

"ಕೊಡ್ತೇನೆ," ಎಂದಳು. "ಕ್ಲೇಮ್ ಬಂದ್ರೆ."

*

ಮುಂದಿನ ಶುಕ್ರವಾರ ಕ್ವಾರ್ಟರ್ಸಿನ ಗೇಟಿನ ಬಳಿ ಕ್ಯಾಸ್ಮಿರ್ ನಿಂತಿದ್ದ. ಹಿರಿಯ ನರ್ಸ್ ಆಲ್ಬಿನಾ ಬಾಯಿ ಆಗಲೇ ಐಡಾಳ ಗಾಡಿಯ ಹಿಂದಿನ ಸೀಟಿನಲ್ಲಿ ಜಪಸರ ಹಿಡಿದು ಕೂತಿದ್ದರು.

"ನನ್ನ ಹಳೇ ಡಾಟ್ಸನ್ ಇಲ್ಲೇ ಹತ್ತಿರದ ಇಜ್ಕಿಯನ್ನೂ ದಾಟುವುದಿಲ್ಲ, ಸಿಸ್ಟರ್. ರುವಿವರೆಗೆ ಬರಬಹುದಾ?"

"ಇನ್ಶೂರೆನ್ಸಿನವರಿಗೆ ಹೊಸ ಡ್ರೈವರ್ ಹೆದರಿಕೆ ಇಲ್ವಾ?"

"ಹೆದರಿಕೆ ಉಂಟು. ಅದಕ್ಕೇ ಪ್ರಾರ್ಥನೆಗೆ ಹೊರಟದ್ದು."

ಆಲ್ಬಿನಾ ಬಾಯಿ ನಕ್ಕರು. "ಯಲ್ಲಾ, ಹತ್ತು ಮಗಾ."

ದಾರಿಯಲ್ಲಿ ಬಾಯಿ ಜಪಸರದ ಪ್ರಾರ್ಥನೆ, ತೇರ್ಸು, ಆರಂಭಿಸಿದರು. ಜಪದ ಮೊದಲ ಅರ್ಧ ಅವರದು. ಉಳಿದ ಅರ್ಧ ಮುಂದೆ ಕೂತ ಇಬ್ಬರದು. ಕ್ಯಾಸ್ಮಿರನ ದನಿ ಆಳ, ಐಡಾಳದು ತೆಳು. ಮೊದಮೊದಲು ಒಬ್ಬರ ಹಿಂದೆ ಒಬ್ಬರು ಓಡುತ್ತಿದ್ದ ದನಿಗಳು ಸುಮಾಇಲ್‌ನ ಬೋಳು ಬೆಟ್ಟಗಳ ನಡುವೆ ಹೇಗೋ ಒಂದಾದವು. ಉಸಿರು ಎಲ್ಲಿ ನಿಲ್ಲಿಸಬೇಕೆಂದು ಇಬ್ಬರಿಗೂ ತಿಳಿದುಹೋಯಿತು.

ವಾರಗಳು ಹೀಗೇ ಸರಿದವು. ಅವಳು ಗೇರ್ ಬದಲಿಸುವಾಗ ಅವನು ಮೊಣಕೈ ಹಿಂದಕ್ಕೆಳೆದುಕೊಳ್ಳುತ್ತಿದ್ದ. ಅವಳು ಕನ್ನಡಿ ನೋಡಿದಾಗಲೆಲ್ಲ ಅವನು ಕಿಟಕಿಯಾಚೆ ಏನೋ ಹುಡುಕುತ್ತಿದ್ದ. ಕಣ್ಣು ಮುಚ್ಚಿ ಜಪ ಮಾಡುವ ಆಲ್ಬಿನಾ ಬಾಯಿಗೆ ಮಾತ್ರ ಎಲ್ಲವೂ ಕಾಣುತ್ತಿತ್ತು.

"ಕ್ಯಾಸ್ಮಿರ್, ಕಿಟಕಿಯಲ್ಲಿ ಎಂತ ಉಂಟು? ಕಲ್ಲು ತಾನೆ?"

"ಒಳ್ಳೆಯ ಕಲ್ಲು, ಬಾಯಿ."

ಐಡಾಳ ಕೆನ್ನೆ ಬಿಸಿಯಾಯಿತು. ಸ್ಟೀರಿಂಗ್ ಮಾತ್ರ ಅಲುಗಲಿಲ್ಲ.

*

ವರ್ಷ ತುಂಬಲು ಇನ್ನು ಸ್ವಲ್ಪವೇ ಉಳಿದಿತ್ತು. ಆಲ್ಬಿನಾ ಬಾಯಿಗೆ ಖರ್ಜೂರ ಕೊಳ್ಳಲೆಂದು ಐಡಾ, ಕ್ಯಾಸ್ಮಿರ್ ಇಬ್ಬರೂ ನಿಜ್ವಾದ ಹಳೆಯ ಓಣಿಯೊಳಗೆ ಹೋಗಿದ್ದರು. ತಿರುವಿನಲ್ಲಿ ಕೊರೊಲ್ಲಾದ ಐಡಾಳ ಬದಿಯ ಬಾಗಿಲು ಗೋಡೆಯಿಂದ ಚಾಚಿದ್ದ ಕಲ್ಲಿಗೆ ಒತ್ತಿಕೊಂಡು ಕಿರ್ರೆಂದಿತು.

ಗಾಡಿ ಹಿಂದೆ ತೆಗೆದು, ಇಳಿದು ನೋಡಿದರೆ ಅಂಗೈಯಗಲದ ತಗ್ಗು. ಗೋಡೆಗೆ ಏನೂ ಆಗಿರಲಿಲ್ಲ.

ಐಡಾ ಆ ತಗ್ಗಿನ ಮೇಲೆ ಅಂಗೈಯಿಟ್ಟು ಅಲ್ಲೇ ಕುಕ್ಕರಿಸಿದಳು. ರಿಪೇರಿಗೆ ಕೈಯಲ್ಲಿ ದುಡ್ಡಿಲ್ಲ; ಕ್ಲೇಮ್ ಮಾಡಿದರೆ ವರ್ಷವೂ ಹೋಯಿತು, ಕೀಲಿಯೂ ಹೋಯಿತು.

"ಅಳ್ಬೇಡಿ," ಎಂದ ಕ್ಯಾಸ್ಮಿರ್ ಅವಸರವಾಗಿ. "ನನ್ನ ಡಾಟ್ಸನ್ ರಿವರ್ಸ್ ತೆಗೆಯುವಾಗ ತಾಗಿತು ಅಂತ ಪೊಲೀಸರಿಗೆ ಹೇಳುವ. ಕ್ಲೇಮ್ ನನ್ನ ಮೇಲೆ ಬರ್ಲಿ. ನಿಮ್ಮ ವರ್ಷ ಉಳೀತದೆ."

ಇಷ್ಟು ವರ್ಷ ಕಾಪಾಡಿಕೊಂಡ ಡಿಸ್ಕೌಂಟನ್ನೂ, ಒಮ್ಮೆಯೂ ಸುಳ್ಳು ಬರೆಯದ ಕೈಯನ್ನೂ ಅವನು ಅವಳ ಮುಂದೆ ಹೀಗೆ ಸುಲಭವಾಗಿ ಚಾಚಿದ್ದ. ಅವಳು ಅವನನ್ನೇ ನೋಡಿದಳು. ಅಷ್ಟು ಹತ್ತಿರದಿಂದ, ಅಷ್ಟು ಹೊತ್ತು ಎಂದೂ ನೋಡಿರಲಿಲ್ಲ.

"ಓಡಿಸಿದ ವರ್ಷ ಬಾವೋಜಿಯ ಹೆಸರಿಗೆ ಹೋಯ್ತು," ಎಂದಳು ಮೆಲ್ಲಗೆ. "ಈಗ ತಾಗಿಸಿದ ತಪ್ಪು ನಿಮ್ಮ ಹೆಸರಿಗಾ? ನನ್ನದು ಅಂತ ಎಂತ ಉಳೀತು, ಕ್ಯಾಸ್ಮಿರ್?"

ಅವನು ತಲೆ ತಗ್ಗಿಸಿದ. ಆಮೇಲೆ ಕರವಸ್ತ್ರ ತೆಗೆದು ಬಾಗಿಲಿನ ಮಣ್ಣನ್ನು ಒರೆಸಿದ, ಗಾಯ ಒರೆಸುವ ಹಾಗೆ.

"ತಪ್ಪಾಯ್ತು. ಗಾಡಿ ಓಡ್ಲಿಕ್ಕೆ ಈ ತಗ್ಗು ಅಡ್ಡಿ ಇಲ್ಲ. ಹೀಗೇ ಇರ್ಲಿ."

"ಇರ್ಲಿ. ಇದೂ ನಂದೇ."

ಮುಂದಿನ ಶುಕ್ರವಾರ ರುವಿಯಲ್ಲಿ ಆಸ್ವಾಲ್ಡ್ ಆ ತಗ್ಗನ್ನು ಬೆರಳಿನಿಂದ ತೋರಿಸಿ ನಕ್ಕ. ಐಡಾ ಆ ಬಾಗಿಲಿಂದಲೇ ರಾಣಿಯ ಹಾಗೆ ಇಳಿದಳು.

*

ರಿನ್ಯೂವಲ್ ದಿನ ಅದೇ ಕೌಂಟರು, ಅದೇ ಏಸಿಯ ಸದ್ದು. ಪ್ರೀಮಿಯಂ ಇಳಿದಿತ್ತು. ಮೇಲ್ಗಡೆ ಐಡಾ ಎಂದಿತ್ತು, ಕೆಳಗೆ ಅವಳು ಸಂಪಾದಿಸಿದ ಮೊದಲ ಡಿಸ್ಕೌಂಟು. ಅವಳಿಗೆ ಗಟ್ಟಿಯಾಗಿ ನಗಬೇಕೆನಿಸಿತು, ನಕ್ಕೇಬಿಟ್ಟಳು. ಒಳಗಿದ್ದ ಮ್ಯಾನೇಜರ್ ಹೊರಬಂದು ನೋಡಿ ಹೋದ.

"ಐಡಾ," ಎಂದ ಕ್ಯಾಸ್ಮಿರ್.

"ಇಷ್ಟು ದಿನ ಕರೀತಿದ್ದ ಸಿಸ್ಟರ್ ಎಲ್ಲಿ ಹೋದ್ಲು?"

"ಹೋದ ಶುಕ್ರವಾರ ಇಜ್ಕಿ ಹತ್ತಿರ ಇಳಿಸಿ ಬಂದೆ." ಅವನ ಕಿವಿ ಕೆಂಪಾಗಿತ್ತು. "ಜನ್ಮವಿಡೀ ನಿಮ್ಮ ಪಕ್ಕದ ಸೀಟಿನಲ್ಲಿ ಕೂರ್ಬೇಕು ಅಂತ ಆಸೆ. ಆಗಬಹುದಾ?"

"ಗಾಡಿ ಯಾರ ಹೆಸರಲ್ಲಿ?"

"ನಿಮ್ಮದು ನಿಮ್ಮ ಹೆಸರಲ್ಲಿ, ಡಾಟ್ಸನ್ ನನ್ನ ಹೆಸರಲ್ಲಿ. ಮನೆ ಮಾತ್ರ ಒಂದೇ."

ಅವಳು ಕೀಲಿಗೊಂಚಲನ್ನು ಮುಷ್ಟಿಯಲ್ಲಿ ಹಿಡಿದಳು, ಎದೆಯ ಬಡಿತಕ್ಕೆ ಅದು ಕಿಣಿಗುಟ್ಟೀತೆಂಬಂತೆ. "ಆಗಬಹುದು."

*

ರುವಿಯ ಇಗರ್ಜಿಯಲ್ಲಿ ಪಾದ್ರಿಗಳು ಇಬ್ಬರ ಹೆಸರನ್ನೂ ಓದಿ ಮದುವೆ ಪ್ರಕಟಿಸಿದ ಶುಕ್ರವಾರ, ಅಂಗಳದಲ್ಲಿ ಅಭಿನಂದನೆಗಳ ಗದ್ದಲ. ಐಡಾ ಸ್ಟೀರಿಂಗ್ ಹಿಡಿದು ಕೂತಿದ್ದಳು; ಪಕ್ಕದಲ್ಲಿ ಕ್ಯಾಸ್ಮಿರ್, ಹಿಂದೆ ಆಲ್ಬಿನಾ ಬಾಯಿ. ಆಸ್ವಾಲ್ಡ್ ಕ್ಯಾಸ್ಮಿರನ ಕಿಟಕಿಗೆ ಬಗ್ಗಿದ. ಕಳೆದ ತಿಂಗಳು ಬೌಷರಿನ ರೌಂಡ್‌ಎಬೌಟಿನಲ್ಲಿ ಅವನ ಪಜೆರೊ ಮುಂದಿನ ಗಾಡಿಗೆ ಗುದ್ದಿತ್ತು. ಕ್ಲೇಮ್ ಬಂದು, ಅಷ್ಟು ವರ್ಷಗಳ ಡಿಸ್ಕೌಂಟ್ ಖಲಾಸ್.

"ಕ್ಯಾಸ್ಮಿರ್, ಒಂದು ಉಪಕಾರ. ಈಗ ಡಿಸ್ಕೌಂಟ್ ಇರುವುದು ಐಡಾಗೆ. ಪಜೆರೊ ಅವಳ ಹೆಸರಿಗೆ ಮಾಡುವ. ನಮ್ಮೊಳಗೇ ಅಲ್ವಾ? ಸ್ವಲ್ಪ ಹೇಳು ಮಾರಾಯ ಅವಳಿಗೆ."

"ಹೆಸರು ಅವಳದ್ದು, ಬಾವೋಜಿ. ಅವಳನ್ನೇ ಕೇಳಿ."

ಆಸ್ವಾಲ್ಡ್ ಮುಂದಿನಿಂದ ಸುತ್ತಿ ಈಚೆ ಬಂದ. ತಗ್ಗು ಬಿದ್ದ ಬಾಗಿಲಿನ ಮೇಲೆ ಕೈಯಿಟ್ಟು, ಎಂದೂ ಇಲ್ಲದ ಮೆದು ದನಿಯಲ್ಲಿ ಕೇಳಿದ. "ಎಂತ ಐಡಾ? ಮಾಡುವ ಅಲ್ವಾ?"

ಐಡಾ ಪಕ್ಕಕ್ಕೆ ನೋಡಿದಳು. ಈ ಸಲ ಕ್ಯಾಸ್ಮಿರ್ ಕಿಟಕಿಯಾಚೆ ನೋಡುತ್ತಿರಲಿಲ್ಲ. ಅವಳು ಇಂಜಿನ್ ಸ್ಟಾರ್ಟ್ ಮಾಡಿದಳು.

"ಇಲ್ಲ, ಬಾವೋಜಿ."