ಮಾಪಕ ತೋರಿದ ಹೆಚ್ಚಿನ ನಾಲ್ಕು ಗಂಟೆ

ಇಮಾಂಬಿ ನದಾಫರ ಸೊಂಟಪಟ್ಟಿಯಲ್ಲಿದ್ದ ಮಾಪಕ ಸಂಜೆ ನಾಲ್ಕಕ್ಕೆ ‘ಇನ್ನು ಒಂಬತ್ತು ಗಂಟೆ’ ಎಂದು ತೋರಿಸಿತು. ಎದೆಯೊಳಗಿನ ಹೃದಯ ಪಂಪು, ಹೊಟ್ಟೆಯಿಂದ ಹೊರಬರುವ ತಂತಿಗೆ ಸಿಕ್ಕಿಸಿದ ಸೊಂಟದ ಬ್ಯಾಟರಿಯಲ್ಲಿ ಇನ್ನೆಷ್ಟು ಹೊತ್ತು ನಡೆದೀತೆಂಬ ಲೆಕ್ಕ ಅದು. ದಿನವೂ ಅಷ್ಟು ಹೊತ್ತಿಗೆ ಐದು ಗಂಟೆಯಷ್ಟೇ ಉಳಿದಿರುತ್ತಿತ್ತು. ಹುಬ್ಬಳ್ಳಿಯ ಶಾಲೆಯೊಂದರಲ್ಲಿ ಬಿಸಿಯೂಟ ಬೇಯಿಸುವ ಇಮಾಂಬಿಗೆ ದಿಗಿಲಾಯಿತು.

ಹಿಂದಿನ ಮಾಪಕ ಅವರನ್ನು ಒಮ್ಮೆ ಸಾವಿನ ಬಾಗಿಲಿಗೆ ಒಯ್ದಿತ್ತು. ಮೂರು ಗಂಟೆ ಇದೆ ಎಂದದ್ದು ಬಸ್ಸಿನಲ್ಲಿ ಒಮ್ಮೆಲೇ ಹತ್ತು ನಿಮಿಷಕ್ಕಿಳಿದಿತ್ತು. ಆಮೇಲೆ ಎರಡು ತಿಂಗಳು ಅವರು ಚಾರ್ಜರಿನ ಪಕ್ಕ ಬಿಟ್ಟು ಕದಲಲಿಲ್ಲ.

ಹೊಸದನ್ನು ರೂಪಿಸಿದವರು ಎಂಜಿನಿಯರ್ ಸುಧನ್ವ ಕಟ್ಟಿ. ಬ್ಯಾಟರಿಯ ವಿದ್ಯುತ್ತು ಒಂದು ಪುಟ್ಟ ರೋಧಕವನ್ನು ದಾಟಿ ಹೋಗುತ್ತದೆ. ಅದರ ಎರಡು ತುದಿಗಳ ನಡುವಿನ ವೋಲ್ಟೇಜಿನಿಂದ ಮಾಪಕ ಖರ್ಚನ್ನು ಅರಿಯುತ್ತದೆ. ರೋಧ ತೀರಾ ಕಡಿಮೆಯಿದ್ದರೆ ಪಂಪಿನ ಸಣ್ಣ ವಿದ್ಯುತ್ತು ಲೆಕ್ಕಕ್ಕೇ ಸಿಗದು. ಹೆಚ್ಚಿದ್ದರೆ ಚಾರ್ಜ್ ಮಾಡುವಾಗ ರೋಧಕ ಕಾದು ಅಳತೆ ತಪ್ಪುತ್ತದೆ. ಹಲವು ತಿಂಗಳು ಪರೀಕ್ಷಿಸಿ, ಕಾದರೂ ಬದಲಾಗದ ಮಿಶ್ರಲೋಹದ ಒಂದನ್ನು ಸುಧನ್ವ ಆರಿಸಿದ್ದರು. ಅದೀಗ ಇನ್ನೂರು ಜನರ ಸೊಂಟದಲ್ಲಿತ್ತು.

ಇಮಾಂಬಿ ಸುಧನ್ವರಿಗೆ ಫೋನಿನಲ್ಲಿ ವಿಷಯ ಹೇಳಿದರು. ರೋಧಕ ಕೆಟ್ಟು ಖರ್ಚನ್ನು ಕಡಿಮೆ ತೋರಿಸುತ್ತಿದ್ದರೆ ಬ್ಯಾಟರಿ ಯಾವ ಗಳಿಗೆಯಲ್ಲಾದರೂ ಮುಗಿಯಬಹುದು. ಕೂಡಲೇ ಚಾರ್ಜರಿಗೆ ಸೇರಿಸಿಕೊಳ್ಳಲು ಹೇಳಿ, ಸುಧನ್ವ ಅವರನ್ನು ಆಸ್ಪತ್ರೆಗೆ ಕರೆತರಲು ತಾವೇ ಹೊರಟರು.

ಆಸ್ಪತ್ರೆಯಲ್ಲಿ ಬೇರೆ ಉಪಕರಣದಿಂದ ಮೂರು ಸಲ ಅಳೆದರು. ರೋಧಕ ಸರಿಯಾಗಿಯೇ ಇತ್ತು. ಪಂಪೇ ನಿಜವಾಗಿ ಕಡಿಮೆ ವಿದ್ಯುತ್ತು ಸೆಳೆಯುತ್ತಿತ್ತು. ಹೃದಯತಜ್ಞೆ ಡಾ. ಮಂದಾಕಿನಿ ಸವಣೂರ ಸ್ಕ್ಯಾನ್ ಮಾಡಿ ಪರದೆಯನ್ನು ಬಹಳ ಹೊತ್ತು ನೋಡಿದರು.

“ಪಂಪು ಕೆಟ್ಟಿಲ್ಲ, ಇಮಾಂಬಿಯವರೆ. ಎರಡು ವರ್ಷ ವಿಶ್ರಾಂತಿ ಸಿಕ್ಕ ನಿಮ್ಮ ಹೃದಯ ತಾನೇ ಕೆಲಸ ಶುರುಮಾಡಿದೆ. ಪಂಪಿನ ಹೊರೆ ಇಳಿದಿದೆ.”

ಇಮಾಂಬಿ ಎದೆಯ ಮೇಲೆ ಕೈಯಿಟ್ಟುಕೊಂಡರು. “ಹಂಗಾರ ಇದನ್ನ ತೆಗೀಬಹುದೇನ್ರಿ, ಡಾಕ್ಟರ?”

ನಾಲ್ಕು ತಿಂಗಳು ಕಾದು ನೋಡಿ ತೆಗೆಯೋಣ ಎಂದರು ವೈದ್ಯೆ. ಸುಧನ್ವ ಹೊರಗಿನ ಬೆಂಚಿನ ಮೇಲೆ ಕುಳಿತು ಕಣ್ಣೊರೆಸಿಕೊಂಡರು. ಮರುದಿನ ಉಳಿದವರ ಮಾಪಕಗಳ ದಾಖಲೆ ತೆಗೆಸಿದಾಗ ಇನ್ನೂ ಹನ್ನೊಂದು ಜನರಲ್ಲಿ ವಿದ್ಯುತ್ತಿನ ಅದೇ ಇಳಿತ ಕಂಡಿತು. ಅವರೆಲ್ಲರಿಗೂ ವೈದ್ಯೆ ಹೃದಯದ ಪರೀಕ್ಷೆಗೆ ಕರೆ ಕಳಿಸಿದರು.

ಪಂಪು ತೆಗೆದು ಗಾಯ ಪೂರ್ತಿ ಮಾಯ್ದ ದಿನ ಇಮಾಂಬಿ, ತಂತಿ ಒದ್ದೆಯಾದೀತೆಂಬ ಭಯವಿಲ್ಲದೆ, ಎರಡೂವರೆ ವರ್ಷಗಳಲ್ಲಿ ಮೊದಲ ಬಾರಿಗೆ ತಲೆಯ ಮೇಲಿಂದ ಬಿಸಿನೀರು ಸುರಿದುಕೊಂಡರು. ಹಂಡೆ ಬರಿದಾಗುವವರೆಗೂ ಬಚ್ಚಲಿನಿಂದ ಹೊರಬರಲಿಲ್ಲ.