ಅವ್ವ ಬಿಟ್ಟ ಜಾಗ

"ನಮ್ಮವ್ವನ ಹಾಡಿಗೆ ಕತ್ತರಿ ಹಾಕಾಕ ನಿಮಗ ಯಾರು ಹೇಳಿದ್ರು?"

ಆಳಂದದ ಕಂಪ್ಯೂಟರ್ ಸೆಂಟರಿಗೆ ದಡದಡನೆ ಬಂದ ಲೀಲಾ, ಸಿಡಿಯನ್ನು ಸೆಂಟರ್ ನಡೆಸುವ ಅನಂತನ ಮುಂದಿಟ್ಟಳು. ಸಿಟ್ಟಿದ್ದರೂ ಮೆಲ್ಲಗೇ ಇಟ್ಟಳು. ಅದರಲ್ಲಿದ್ದದ್ದು ಅವ್ವನ ದನಿಯಲ್ಲವೇ!

ಲೀಲಾ ನರೋಣಾದ ಶಾಲೆಯಲ್ಲಿ ಟೀಚರ್. ಅವಳ ಅವ್ವ ತೀರಿಕೊಳ್ಳುವ ಮುಂಚೆ, ಮಗಳ ಮದುವೆಗೆಂದು ಸೋಬಾನ ಪದ ಹಾಡಿ ಟೇಪ್ ಮಾಡಿಸಿದ್ದಳು. ಆ ಟೇಪ್ ಸವೆಯುತ್ತಿತ್ತೆಂದು, ಹಾಡನ್ನು ಸಿಡಿಗೆ ಇಳಿಸಿಕೊಡಲು ಅನಂತನಿಗೆ ಕೊಟ್ಟಿದ್ದಳು.

ಅನಂತ ತಬ್ಬಿಬ್ಬಾದ. ಅವಳ ಸಲುವಾಗಿ ಅವನು ವಾರವಿಡೀ ಒದ್ದಾಡಿದ್ದ. 1999ರ ಆ ಹೊಸ ಸಿಡಿ ರೈಟರ್, ಅವನ ಕಂಪ್ಯೂಟರ್ ನಡೆಸುವ ಲಿನಕ್ಸ್ ತಂತ್ರಾಂಶದ ಕಣ್ಣಿಗೇ ಬೀಳುತ್ತಿರಲಿಲ್ಲ. ಇದು ಸ್ಕಸಿ ಎಂಬ ಬೇರೊಂದು ಜಾತಿಯ ಡ್ರೈವ್ ಎಂದು ಸುಳ್ಳು ಹೇಳಿ ನಂಬಿಸಿದ ಮೇಲೆಯೇ ಅದು ಮಾತು ಕೇಳಿತ್ತು.

"ಹಾಡು ಪೂರಾ ಅದರೀ... ಮೂರು ಕಡಿ ದನೀನ ಇರಲಿಲ್ಲ. ಟೇಪ್ ಕೆಟ್ಟದ ಅಂತ ತಿಳ್ಕೊಂಡು ಅಷ್ಟು ತೆಗದೇನಿ."

"ಕೆಟ್ಟಿಲ್ರಿ!" ಅಂದಳು ಲೀಲಾ. "ಸೋಬಾನದಾಗ ಅಲ್ಲಿ ವರನ ಹೆಸರು ಬರ್ತದ. ಅಳಿಯ ಯಾರಂತ ಅವ್ವಗ ಗೊತ್ತಿರಲಿಲ್ಲ... ಅದಕ್ಕ ಜಾಗ ಬಿಟ್ಟಾಳ."

ಅನಂತ ಪೆಚ್ಚಾದ. ಚಂದ ಮಾಡಲು ಹೋಗಿ ಎಂಥ ಕೆಲಸ ಮಾಡಿಬಿಟ್ಟೆ!

"ತಪ್ಪಾತ್ರಿ. ಮೊದಲಿನ ಫೈಲ್ ಅಳಿಸಿಲ್ಲ. ಕೂಡ್ರಿ, ಈಗೇ ಬ್ಯಾರೆ ಸಿಡಿಗೆ ಬರೀತೇನಿ."

ಉಳಿದಿದ್ದದ್ದು ಒಂದೇ ಖಾಲಿ ಸಿಡಿ. ಸಿಡಿ ಮೇಲೆ ಬರೆಯುವ ಲೇಸರ್ ಬೆಳಕು ಬಂದ್ ಮಾಡಿ ಮೊದಲು ಪರೀಕ್ಷೆ ನಡೆಸಿದ, ಆಮೇಲೆ ನಿಜವಾಗಿ ಬರೆಯಲು ಬಿಟ್ಟ. ನಡುವೆ ಏನು ಮುಟ್ಟಿದರೂ ಸಿಡಿ ಕೆಟ್ಟೀತೆಂದು ಕೈಕಟ್ಟಿ ಕೂತ.

'ಇಷ್ಟು ಜೋಪಾನ ಮಾಡುವವರ ಮೇಲೆ ಕೂಗಾಡಿದೆನಲ್ಲ...' ಲೀಲಾಳಿಗೆ ನಾಚಿಕೆಯಾಯಿತು.

"ಮದುವಿ ಯಾವಾಗ್ರಿ?" ಅವನು ಪರದೆಯಿಂದ ಕಣ್ಣು ತೆಗೆಯದೆ ಕೇಳಿದ. ದನಿ ಸಣ್ಣಗಾಗಿತ್ತು.

"ಯಾರ ಮದುವಿ?"

"ನಿಮ್ದು... ಇಷ್ಟು ಅವಸರ ಮಾಡಾಕತ್ತೀರಿ."

"ಅವಸರ ಟೇಪಿಂದ್ರಿ! ನನ್ನನ್ನ ಇನ್ನಾ ಯಾರೂ ಕೇಳಿಲ್ಲ."

ಅನಂತ ಉಸಿರು ಬಿಟ್ಟದ್ದು ಅವಳಿಗೆ ಕೇಳಿಸಿತು. ವಾರದಿಂದ ಈ ಮನುಷ್ಯ ಮುಖ ತಪ್ಪಿಸಿ ಮಾತಾಡುತ್ತಿದ್ದದ್ದು ಇದಕ್ಕೇ?

"ನಾ... ನಾ ಕೇಳಿದ್ರ?" ಅಂದ ಅನಂತ.

ಅಷ್ಟರಲ್ಲಿ ಸಿಡಿ ಹೊರಬಂತು. ಲೀಲಾ ಹಾಡು ಹಚ್ಚಿರೆಂದು ಸನ್ನೆ ಮಾಡಿದಳು.

ಅವ್ವನ ದನಿ ಕೋಣೆ ತುಂಬಿತು. ಎರಡು ಸಾಲು ಹಾಡಿ, ಹೆಸರಿನ ಜಾಗದಲ್ಲಿ ಸುಮ್ಮನಾಯಿತು.

"ಅನಂತರಾಯಾ..." ಅದೇ ರಾಗದಲ್ಲಿ ಲೀಲಾ ಮೆಲ್ಲಗೆ ಹಾಡಿದಳು. ಅವ್ವ ಮುಂದಿನ ಸಾಲು ಎತ್ತಿಕೊಂಡಳು.

ಅನಂತನ ಕಣ್ಣು ತುಂಬಿದವು. "ಖರೇನ ಏನ್ರಿ, ಲೀಲಾ?"

"ಇನ್ನಾ ಎರಡು ಕಡಿ ಜಾಗ ಅದ," ಲೀಲಾ ಕಣ್ಣೊರೆಸಿಕೊಂಡು ನಕ್ಕಳು. "ಸುಮ್ಮನ ಕೂತು ಕೇಳ್ರಿ."