ಐದನೆಯ ಆಟಿನ್

“ಬಿಟ್ಟೆ” ಎಂದು ಯಶಸ್ ತನ್ನ ಎರಡು ಎಲೆಗಳನ್ನು ಕವುಚಿಟ್ಟ.

ಮತ್ತೆ!

ಮಾಲವಿಕಾ ಕೈಚಾಚಿ ಅವನ್ನು ಮಗುಚಿಬಿಟ್ಟಳು. ಬಿಟ್ಟ ಎಲೆಯನ್ನು ಎದುರಾಳಿ ನೋಡಬಾರದು, ಅದು ಪೋಕರ್‌ನ ಮರ್ಯಾದೆ. ಗೊತ್ತಿದ್ದೇ ಮಾಡಿದಳು.

ಎರಡು ರಾಜ.

“ಜೋಡಿ ರಾಜ ಇಟ್ಕೊಂಡು ಯಾರಾದ್ರೂ ಬಿಡ್ತಾರಾ?”

“ನಿಮಗೆ ಐದು ಆಟಿನ್ ಕೂಡಿಬಂದು ನೀವೇ ಗೆಲ್ತೀರೇನೋ ಅನ್ಕೊಂಡೆ.”

“ಮೇಜಿನ ಮೇಲಿರೋದು ಎರಡು ಆಟಿನ್, ನನ್ನ ಕೈಲಿರೋದೇ ಎರಡು ಎಲೆ. ಕೊನೇ ಎಲೆ ಇನ್ನೂ ತೆಗೆದಿಲ್ಲ. ಐದು ಹೇಗೆ ಬರುತ್ತೆ? ಕಾಲೇಜಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡೋರು ಸುಳ್ಳನ್ನಾದ್ರೂ ಲೆಕ್ಕ ಹಾಕಿ ಸರಿಯಾಗಿ ಹೇಳ್ಬಾರ್ದಾ?”

ಯಶಸ್ ತಲೆ ತಗ್ಗಿಸಿದ. ಪಕ್ಕದಲ್ಲಿ ಕೂತು ಎಲೆ ಹಂಚುತ್ತಿದ್ದ ಅತ್ತೆ ಚಂದ್ರಮತಿ ಸೊಸೆಯನ್ನು ನೋಡಲಿಲ್ಲ, ಅವನನ್ನು ನೋಡಿದರು.

ಆ ನೋಟ ಮಾಲವಿಕಾಳಿಗೆ ಚುಚ್ಚಿತು. ಇವರಿಬ್ಬರೂ ಏನೋ ಮಾತಾಡಿಕೊಂಡಿದ್ದಾರೆ!

ರಾಮಕೃಷ್ಣನಗರದ ಆ ಮನೆಯ ಮಹಡಿಗೆ ಯಶಸ್ ಬಾಡಿಗೆಗೆ ಬಂದವನು. ಕಾಲೇಜಿನಲ್ಲಿ ಮೇಷ್ಟ್ರು, ಜೊತೆಗೆ ಗೋವಾದ ಪಂದ್ಯವೊಂದರಲ್ಲಿ ಗೆದ್ದಿದ್ದ ಪೋಕರ್ ಆಟಗಾರ. ಭಾನುವಾರ ಮಧ್ಯಾಹ್ನ ಕಾಫಿಯಾದ ಮೇಲೆ ಕೆಳಗಿಳಿದು ಬರುತ್ತಿದ್ದ. ಪಣಕ್ಕೆ ಹುಣಸೆ ಬೀಜ. ಮಾಲವಿಕಾಳಿಗೆ ಆಟ ಕಲಿಸಿದವನೂ ಅವನೇ.

ಮೊನ್ನೆ ಚಂದ್ರಮತಿಯವರ ಮುಂದೆ ಬಂದು ನಿಂತು, “ಮಾಲವಿಕಾ ಒಪ್ಪಿದ್ರೆ ಮದುವೆ ಆಗ್ತೀನಿ ಆಂಟಿ” ಎಂದಿದ್ದ. ಅತ್ತೆ ಅದನ್ನು ಹೇಳಿದ್ದರು, ಮಾಲವಿಕಾ ಇನ್ನೂ ಉತ್ತರ ಕೊಟ್ಟಿರಲಿಲ್ಲ.

ಗಂಡ ತೀರಿಹೋದ ಮೇಲೆ ಅವಳ ಸುತ್ತ ಎಲ್ಲರ ದನಿಯೂ ತಗ್ಗಿತ್ತು. ತರಕಾರಿಯವನು ಕೂಡ ಕೇಳದೆ ಒಂದು ಹಿಡಿ ಕೊತ್ತಂಬರಿ ಹೆಚ್ಚಿಗೆ ಹಾಕುತ್ತಿದ್ದ. ಈ ಮನುಷ್ಯ ಹಾಕುತ್ತಿರುವುದೂ ಅದನ್ನೇ ಇರಬೇಕು... ಒಂದು ಹಿಡಿ ಕನಿಕರ.

ಅವಳು ಎದ್ದು ಅಡುಗೆಮನೆಗೆ ಹೋದಳು. ಅತ್ತೆ ಹಿಂದೆಯೇ ಬಂದರು.

“ನಿಜ ಹೇಳಿ ಅತ್ತೆ. ನೀವೇ ಅವರನ್ನ ಕೇಳಿಕೊಂಡ್ರಾ?”

“ಏನಂತ?”

“ಇವಳಿಗೊಂದು ದಾರಿ ಮಾಡಪ್ಪಾ ಅಂತ.”

“ನಂಗೇನು ತಲೆ ಕೆಟ್ಟಿದ್ಯಾ? ನಿನ್ನ ಕಳಿಸಿಬಿಟ್ರೆ ಈ ಮನೇಲಿ ನನ್ನ ಜೊತೆ ಜಗಳ ಆಡೋರು ಯಾರು?” ಚಂದ್ರಮತಿ ಸೆರಗಿನಲ್ಲಿ ಕೈ ಒರೆಸಿಕೊಂಡರು. “ಅವನೇ ಬಂದು ಕೇಳ್ದ ಕಣೆ. ಗಾಬರೀಲಿ ಅರ್ಧ ಕಾಫಿ ನನ್ನ ಸೀರೆ ಮೇಲೆ ಚೆಲ್ದ. ಹೊಸ ಸೀರೆ!”

ಕನಿಕರದಿಂದಲೂ ಕಾಫಿ ಚೆಲ್ಲಬಹುದು... ಮಾಲವಿಕಾಳ ಮನಸ್ಸು ನಂಬಲಿಲ್ಲ.

ಇನ್ನೊಂದೇ ಆಟ. ಅವನು ಈಗಲೂ ಬಿಟ್ಟುಕೊಟ್ಟರೆ ನನ್ನ ಉತ್ತರ ‘ಇಲ್ಲ’. ಕರುಣೆಯ ಜೊತೆ ಸಂಸಾರ ಮಾಡಲಾರೆ.

ಮತ್ತೆ ಬಂದು ಕೂತಳು. “ಹಾಕಿ ಅತ್ತೆ.”

ಅವಳ ಕೈಗೆ ಆಟಿನ್ ರಾಣಿ, ಆಟಿನ್ ಏಳು ಬಂದವು. ಮೇಜಿನ ಮೇಲೆ ನಾಲ್ಕು ಎಲೆ ತೆರೆದಾಗ ಅಲ್ಲಿಯೂ ಎರಡು ಆಟಿನ್. ಇನ್ನೊಂದು ಆಟಿನ್ ಬಂದರೆ ಒಟ್ಟು ಐದು, ಗೆಲುವು. ಬಾರದಿದ್ದರೆ ಕೈಯಲ್ಲಿರುವುದು ಬರೀ ಕಸ.

ಬೀಜಗಳನ್ನೆಲ್ಲ ಎರಡೂ ಕೈಯಿಂದ ಮುಂದಕ್ಕೆ ತಳ್ಳಿದಳು. “ಎಲ್ಲಾ.”

ಯಶಸ್ ಎಲೆಗಳನ್ನು ನೋಡಲಿಲ್ಲ, ಅವಳನ್ನು ನೋಡಿದ. ಎಷ್ಟೋ ಹೊತ್ತು...

ಬಿಡು. ಬಿಟ್ಟುಬಿಡು. ನನ್ನ ಅನುಮಾನ ನಿಜವಾಗಲಿ, ನಿಶ್ಚಿಂತೆ!

ಹಾಗೆಂದುಕೊಂಡರೂ ಎದೆ ಬೇರೇನನ್ನೋ ಬೇಡುತ್ತಿತ್ತು. ಅವಳಿಗೇ ಗಾಬರಿಯಾಯಿತು.

“ನಾನೂ ಎಲ್ಲಾ” ಎಂದು ಅವನು ತನ್ನ ರಾಶಿಯನ್ನು ಸರಿಸಿದ. ಎಲೆ ಮಗುಚಿದ. ಒಂಬತ್ತರ ಜೋಡಿ, ಅಷ್ಟೇ!

“ಇಷ್ಟನ್ನ ನಂಬಿಕೊಂಡು ಎಲ್ಲಾ ಇಟ್ರಾ?”

“ನಿಮಗಿನ್ನೂ ಏನೂ ಬಂದಿಲ್ಲ. ಒಂದು ಎಲೆಗೆ ಕಾಯ್ತಿದ್ದೀರಿ.”

“ಹೇಗೆ ಗೊತ್ತು?”

“ಒಳ್ಳೇ ಎಲೆ ಕೈಲಿದ್ರೆ ನೀವು ಮತ್ತೆ ನೋಡೋದೇ ಇಲ್ಲ. ಕಾಯುವಾಗ ಮಾತ್ರ ತೆಗೆದು ತೆಗೆದು ನೋಡ್ತೀರಿ. ಆಗ ನಿಮ್ಮ ಮುಖದಲ್ಲಿ... ಏನೋ ಬೇಕು ಅನ್ನೋದು ಕಾಣುತ್ತೆ. ಬೇರೆ ಹೊತ್ತಲ್ಲಿ ಕಾಣಲ್ಲ.”

ಮಾಲವಿಕಾ ತನ್ನ ಎರಡು ಎಲೆಗಳನ್ನು ಮೇಜಿನ ಮೇಲೆ ತೆರೆದಿಟ್ಟಳು. ತನಗೆ ಇನ್ನೇನೂ ಬೇಕಿಲ್ಲ ಎಂದೇ ಅವಳು ನಂಬಿದ್ದಳು.

ಚಂದ್ರಮತಿ ಕೊನೆಯ ಎಲೆ ತೆಗೆದರು.

ಇಸ್ಪೀಟ್ ನಾಲ್ಕು.

“ಅಯ್ಯೋ, ಸೋತ್ಯಾ?” ಎಂದರು ಅತ್ತೆ. ಇಬ್ಬರ ಮುಖವನ್ನೂ ನೋಡಿ, “ಒಲೆ ಮೇಲೆ ಏನೋ ಇಟ್ಟಿದ್ದೆ” ಎಂದು ಎದ್ದರು. ಒಲೆ ಉರಿಯುತ್ತಿರಲೇ ಇಲ್ಲ.

“ಇಷ್ಟು ಗೊತ್ತಿದ್ದೂ ರಾಜ ಯಾಕೆ ಬಿಟ್ರಿ? ಪಾಪ ಅನ್ನಿಸ್ತಾ?”

“ಪಾಪ ಅಲ್ಲ ಕಣ್ರೀ, ಸ್ವಾರ್ಥ.” ಅವನು ಗೆದ್ದ ಬೀಜಗಳನ್ನು ಮುಟ್ಟಲಿಲ್ಲ. “ನಿಮ್ಮ ಬೀಜ ಖಾಲಿಯಾದ್ರೆ ಎದ್ದು ಒಳಗೆ ಹೋಗಿಬಿಡ್ತೀರಿ. ಇನ್ನೊಂದು ಆಟ ಕೂತಿರಲಿ ಅಂತ... ಎದುರಿಗೆ ಇರಲಿ ಅಂತ. ಮೋಸವೇ, ಒಪ್ತೀನಿ.”

“ಮತ್ತೆ ಈಗ?”

“ನೀವು ಎಲೆ ಮಗುಚಿದಾಗ ನಿಮ್ಮ ಕಣ್ಣು ನೋಡಿದೆ. ಅವಮಾನ ಆಗಿತ್ತು ನಿಮಗೆ. ನೀವು ಎದ್ದು ಹೋದ್ರೂ ಸರಿ, ಇನ್ನು ಸುಳ್ಳು ಆಡಬಾರ್ದು ಅನ್ನಿಸ್ತು.”

ಅವಳ ಕಣ್ಣು ತುಂಬಿತು. ಅತ್ತು ಎಷ್ಟೋ ಕಾಲವಾಗಿತ್ತು.

“ಇನ್ಮೇಲೆ ಬಿಟ್ಟುಕೊಡಬಾರ್ದು. ಆಟದಲ್ಲೂ, ಜಗಳದಲ್ಲೂ.”

“ಅಂದ್ರೆ...”

“ಅಂದ್ರೆ ಹೂಂ ಅಂತ.”

“ಮಾಲವಿಕಾ!”

“ಮಾಲು ಅನ್ನಿ. ಮನೇಲಿ ಹಾಗೇ ಕರೀತಾರೆ.”

ಅವನು ಮೆಲ್ಲಗೆ, “ಮಾಲು” ಎಂದ.

“ಹೂಂ” ಎಂದಳು, ಕಣ್ಣೊರೆಸಿಕೊಳ್ಳದೆ.